ಅಪ್‌ಡೇಟ್: ತಮ್ಮನ ದವಡೆ ಅಂತೂ ಜಾಗಕ್ಕೆ ಕೂತಿತು

ಹರಿಹರ ರಸ್ತೆಯಲ್ಲಿ ಬೈಕಿಂದ ಗದ್ದ ಊರಿ ಬಿದ್ದ ತಮ್ಮನಿಗೆ ಬಾಯಿ ಮುಚ್ಚೋಕೇ ಆಗ್ತಿಲ್ಲ ಅಂತ ಕೇಳಿದ್ದೆನಲ್ಲ, ಅದರ ಮುಂದಿನ ಕಥೆ. ಮೊದಲು ತೋರಿಸಿದ ಕಡೆ ಎಕ್ಸ್‌ರೇ ನೋಡಿ ‘ಗದ್ದದ ಮೂಳೆ ಮುರಿದಿದೆ, ಅಷ್ಟೇ’ ಅಂದಿದ್ದರು. ಕಿವಿ ಮುಂದೆ ಅಡಿಕೆಯಷ್ಟು ಗಟ್ಟಿ ಉಬ್ಬು ಕಂಡು ಅನುಮಾನಪಟ್ಟವರು ದಾವಣಗೆರೆಯ ಇನ್ನೊಬ್ಬ ಸರ್ಜನ್. ಸಿಟಿ ಸ್ಕ್ಯಾನಲ್ಲಿ ಗೊತ್ತಾಯ್ತು: ದವಡೆಯ ಕೀಲು ತಪ್ಪಿದರೆ ಸಾಮಾನ್ಯವಾಗಿ ಮುಂದಕ್ಕೆ ಜಾರುತ್ತೆ, ಇವನದು ಹೊರಗೆ, ಮೇಲಕ್ಕೆ ಹೋಗಿ ಕೆನ್ನೆಯ ಕಮಾನು ಮೂಳೆಗೆ ಸಿಕ್ಕಿಹಾಕಿಕೊಂಡಿತ್ತು. ಗದ್ದ ಮುರಿದಿದ್ದರಿಂದಲೇ ಅದಕ್ಕೆ ದಾರಿ ಸಿಕ್ಕಿದ್ದು.

ಪೂರ್ತಿ ಅರಿವಳಿಕೆ ಕೊಟ್ಟು, ಕೈಯಿಂದಲೇ ಕೆಳಕ್ಕೆಳೆದು ಕೂರಿಸಿ, ಗದ್ದಕ್ಕೆ ಪ್ಲೇಟ್ ಹಾಕಿದರು. ತೀರಾ ತಡವಾಗಿದ್ದರೆ ಕೊಯ್ದು ಕೂರಿಸಬೇಕಾಗ್ತಿತ್ತೇನೋ. 2 ವಾರ ಮೇಲಿನ-ಕೆಳಗಿನ ಹಲ್ಲು ಸೇರಿಸಿ ಹಿಡಿಯೋ ರಬ್ಬರ್, ಬರೀ ಗಂಜಿ. ಈಗ ಬಾಯಿ ತೆರೆಯೋ ವ್ಯಾಯಾಮ. ಎರಡು ಬೆರಳು ಹಿಡಿಸ್ತದೆ. ನಿನ್ನೆ ಬೆಣ್ಣೆ ದೋಸೆ ಚೂರು ಮಾಡಿ ಚಟ್ನಿಯಲ್ಲಿ ನೆನೆಸಿ ತಿಂದ. ಮಂಡಕ್ಕಿ-ಮಿರ್ಚಿಗೆ ಡಾಕ್ಟರು ಇನ್ನೂ ಒಪ್ಪಿಲ್ಲ.