ಸಹಾಯ ಬೇಕು: ಮೆಟ್ಟಿಲು ಇಳಿಯುವ ವೇಗ ಮತ್ತು ಮೊಣಕಾಲಿನ ಲೆಕ್ಕ (ಪುಣೆ)

ಪುಣೆಯ ಕನ್ನಡ ಬಳಗಕ್ಕೆ ನಮಸ್ಕಾರ. ಮೆಟ್ಟಿಲು ಇಳಿಯುವ ವೇಗ ಬದಲಾದಾಗ ಪಾದದ ಕೀಲು, ಮೊಣಕಾಲು, ಸೊಂಟದ ಮೇಲೆ ಏನಾಗುತ್ತದೆಂದು ಅಳೆಯುತ್ತಿದ್ದೇವೆ. ಎರಡು ವಿಷಯಕ್ಕೆ ನೆರವು ಬೇಕು.

ಮೊದಲು ಮೆಟ್ಟಿಲು. 17 ಸೆಂ.ಮೀ. ಎತ್ತರ, 28 ಸೆಂ.ಮೀ. ಅಗಲದ ಐದು ಮೆಟ್ಟಿಲು, ಮೂರನೆಯದರಲ್ಲಿ ಫೋರ್ಸ್ ಪ್ಲೇಟ್ (ಕಾಲು ಊರಿದಾಗ ಬೀಳುವ ಬಲವನ್ನು ಅಳೆಯುವ ಹಲಗೆ). ಪ್ಲೇಟಿನ ಕಾಲುಗಳು ಮೆಟ್ಟಿಲಿನ ಕಬ್ಬಿಣದ ಚೌಕಟ್ಟಿಗೆ ತಾಗದೆ ನೇರ ಕಾಂಕ್ರೀಟ್ ನೆಲಕ್ಕೆ ಬೋಲ್ಟ್ ಆಗಬೇಕು, ಸುತ್ತ 5 ಮಿ.ಮೀ. ಸಂದು ಬಿಡಬೇಕು. ತಾಗಿದರೆ ಮೇಲಿನ ಹೆಜ್ಜೆಯ ಅದುರುವಿಕೆಯೂ ಅಳತೆಗೆ ಸೇರಿಕೊಳ್ಳುತ್ತದೆ. ಬೇಗ ಇಳಿದಷ್ಟೂ ಅದು ಜಾಸ್ತಿ. ಆಮೇಲೆ ವೇಗದ ಪರಿಣಾಮ ಯಾವುದು, ಕಬ್ಬಿಣದ ನಡುಕ ಯಾವುದು ಅಂತ ಬಿಡಿಸಲು ಬರುವುದಿಲ್ಲ. ಭೋಸರಿ ಕಡೆ ಇಂಥದ್ದನ್ನು ಮಾಡಿಕೊಡುವವರು ಗೊತ್ತೇ? ಗ್ರಿಲ್, ಗೇಟ್ ಮಾಡುವವರು ಬೇಡ. ಮೆಷಿನ್ ಬೇಸ್ ಮಾಡಿ ಗೊತ್ತಿರುವವರು ಬೇಕು.

ಇನ್ನೊಂದು ಫಿಲ್ಟರ್ ವಿಷಯ, ಅಂದರೆ ಇಟ್ಟ ಮಿತಿಗಿಂತ ವೇಗದ ಏರಿಳಿತಗಳನ್ನು ಅಳತೆಯಿಂದ ತೆಗೆಯುವ ಲೆಕ್ಕ. ಮೆಟ್ಟಿಲಿನ ಮೇಲೆ ಹೆಜ್ಜೆಯ ಉದ್ದ ಬದಲಿಸಲಾಗದು, ಹಾಗಾಗಿ ಮೆಟ್ರೋನೋಮ್ (ತಾಳ ಹಾಕುವ ಸಾಧನ) ಹಾಕಿ ವೇಗ ಬದಲಿಸುತ್ತೇವೆ: ನಿಮಿಷಕ್ಕೆ 70, 90, 110 ಹೆಜ್ಜೆ. ಇಳಿಯುವಾಗ ಮುಂಗಾಲು ಮೊದಲು ತಾಗಿ ಮೀನಖಂಡ ಹೊಡೆತ ಹೀರುತ್ತದೆ, ನಂತರ ತೊಡೆಯ ಮುಂಭಾಗದ ಸ್ನಾಯು ಮೈಭಾರವನ್ನು ತಡೆದು ತಡೆದು ಇಳಿಸುತ್ತದೆ. ಚಲನೆ ಅಳೆಯಲು ಮೈಗೆ ಅಂಟಿಸುವ ಮಾರ್ಕರಿಗೆ 6 ಹರ್ಟ್ಸ್, ಪ್ಲೇಟ್ ಅಳೆದ ಬಲಕ್ಕೆ 50 ಹರ್ಟ್ಸ್ ಫಿಲ್ಟರ್ ಇಟ್ಟರೆ ಕಾಲೂರಿದ ಕೂಡಲೇ ಮೊಣಕಾಲಿನ ಮೊಮೆಂಟಿನಲ್ಲಿ (ಕೀಲನ್ನು ತಿರುಗಿಸುವ ಬಲದ ಪರಿಣಾಮ) ಸುಳ್ಳು ಏರಿಳಿತ ಕಾಣುತ್ತದೆ. ಎರಡಕ್ಕೂ 6 ಇಟ್ಟರೆ ನಿಜವಾದ ಹೊಡೆತವೇ ಸವೆದುಹೋಗುತ್ತದೆ. 110ರ ವೇಗಕ್ಕೆ ಎರಡಕ್ಕೂ ಒಂದೇ, 10ರಿಂದ 15ರೊಳಗೆ ಇಟ್ಟವರು ಇದ್ದೀರಾ? ಕಚ್ಚಾ ಫೈಲ್ ನೋಡಲು ಸಿದ್ಧವಿದ್ದರೆ ಇಲ್ಲೇ ತಿಳಿಸಿ, ಕಳಿಸುತ್ತೇವೆ.