ಸಿಸೇರಿಯನ್ ಆದಮೇಲೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದೆ, ಕಾರಣ ಏನಿರಬಹುದು?

ಪ್ರಶ್ನೆ: ನನ್ನ ತಂಗಿಗೆ 29 ವರ್ಷ. ಸಿಸೇರಿಯನ್ ಆಗಿ 18 ದಿನ. ಎಡಗಾಲು ಊದಿಕೊಂಡಿತ್ತು. ಡಾಪ್ಲರ್ ಸ್ಕ್ಯಾನ್ ಮಾಡಿಸಿದರೆ ರಕ್ತ ಹೆಪ್ಪುಗಟ್ಟಿದೆ ಅಂದರು. ಚಿಕಿತ್ಸೆ ಶುರುವಾಗಿದೆ. ಬಿಪಿ, ಶುಗರ್ ಏನೂ ಇಲ್ಲ. ಈ ವಯಸ್ಸಿಗೇ ಯಾಕೆ ಹೀಗೆ? ಅನುಭವ ಇದ್ದವರು ತಿಳಿಸಿ.

ಉತ್ತರ 1: ನನಗೂ ಬಾಣಂತನದಲ್ಲೇ ಆಯಿತು, ಅದೂ ಎಡಗಾಲೇ. ಕಾಲ್ಗೆಜ್ಜೆ ಬಿಗಿಯಾಗಿ ಗುರುತು ಬಿದ್ದಾಗಲೇ ಗೊತ್ತಾಗಿದ್ದು. ಅಮ್ಮ ಹೊಲಿಗೆ ಟೇಪಿನಲ್ಲಿ ಅಳೆದರು. ಎಡ ಮೀನಖಂಡ ಬಲಗಡೆಯದಕ್ಕಿಂತ 4 ಸೆಂ.ಮೀ. ದಪ್ಪ. ಅಜ್ಜಿ ಆಗಲೇ ಎಣ್ಣೆ ಬಿಸಿಗಿಟ್ಟಿದ್ದರು. ಪುಣ್ಯಕ್ಕೆ ತಿಕ್ಕುವ ಮುಂಚೆ ಆಸ್ಪತ್ರೆಗೆ ಹೊರಟೆವು. ಅಂಥ ಕಾಲನ್ನು ತಿಕ್ಕಲೇಬಾರದು, ಹೆಪ್ಪಿನ ಚೂರು ಕಿತ್ತು ಶ್ವಾಸಕೋಶಕ್ಕೆ ಹೋಗಬಹುದು.

ಒಂದೇ ಕಾರಣ ಹುಡುಕಬೇಡಿ ಅಂದರು ನಮ್ಮ ಡಾಕ್ಟರು. ಹೆರಿಗೆಯಲ್ಲಿ ರಕ್ತ ಜಾಸ್ತಿ ಹೋಗದಿರಲಿ ಅಂತ ಬಸುರಿಯಲ್ಲಿ ದೇಹವೇ ರಕ್ತವನ್ನು ಬೇಗ ಹೆಪ್ಪುಗಟ್ಟುವ ಹಾಗೆ ಮಾಡಿಕೊಳ್ಳುತ್ತದೆ. ಹೆರಿಗೆಯಾಗಿ 6 ವಾರದವರೆಗೂ ಆ ಅಪಾಯ ಜಾಸ್ತಿ. ಅದರ ಮೇಲೆ ಆಪರೇಷನ್, ಅದರ ಮೇಲೆ ಮಲಗಿದಲ್ಲೇ ಮಲಗಿರುವುದು. ಎಡಗಾಲಿನಿಂದ ಮೇಲೆ ಹೋಗುವ ರಕ್ತನಾಳ ಹೊಟ್ಟೆಯೊಳಗೆ ಇನ್ನೊಂದು ದಪ್ಪ ರಕ್ತನಾಳದ ಅಡಿಯಲ್ಲಿ ಒತ್ತಿಕೊಂಡು ಹಾದುಹೋಗುತ್ತದೆ. ಬಸುರಿಯರಿಗೆ ಎಡಗಾಲಲ್ಲೇ ಜಾಸ್ತಿ ಬರುವುದು ಅದಕ್ಕೇ.

ನನ್ನ ವಿಷಯದಲ್ಲಿ ನೀರೂ ಸೇರಿತ್ತು. ಬಾಣಂತಿಗೆ ನೀರು ಕೊಡಬಾರದು ಅಂತ ದಿನಕ್ಕೆ ಎರಡೇ ಲೋಟ! ಮೈಯಲ್ಲಿ ನೀರು ಕಡಿಮೆಯಾದರೆ ರಕ್ತ ಮಂದವಾಗುತ್ತದೆ. ದಯವಿಟ್ಟು ತಂಗಿಗೆ ಕೇಳಿದಷ್ಟು ನೀರು ಕೊಡಿ.

ಉತ್ತರ 2: ಮನೆಯಲ್ಲಿ ಬೇರೆ ಯಾರಿಗಾದರೂ ಹೀಗಾಗಿತ್ತಾ, ತಂಗಿಗೆ ಮೊದಲು ಗರ್ಭಪಾತ ಆಗಿತ್ತಾ? ಇವನ್ನು ಡಾಕ್ಟರಿಗೆ ಹೇಳಿ. ನಮ್ಮ ಚಿಕ್ಕಮ್ಮನಿಗೆ ಮೂರು ಸಲ ಗರ್ಭ ನಿಂತಿರಲಿಲ್ಲ. ಅದು ಬೇರೆ ವಿಷಯ ಅಂತ ಸುಮ್ನೆ ಇದ್ದರು. ಆಮೇಲೆ ಕಾಲಲ್ಲಿ ಹೆಪ್ಪು ಕಂಡಾಗ ಟೆಸ್ಟ್ ಮಾಡಿಸಿದರೆ ಆಂಟಿಫಾಸ್ಫೋಲಿಪಿಡ್ ಸಿಂಡ್ರೋಮ್, ಅಂದರೆ ದೇಹದ ರೋಗನಿರೋಧಕ ವ್ಯವಸ್ಥೆಯೇ ತಪ್ಪಿ ರಕ್ತ ಹೆಪ್ಪುಗಟ್ಟಿಸುವ ಕಾಯಿಲೆ. ಎರಡಕ್ಕೂ ಮೂಲ ಅದೇ. ಇನ್ನೊಂದು, ಪ್ರೋಟೀನ್ ಸಿ, ಪ್ರೋಟೀನ್ ಎಸ್ (ರಕ್ತ ಅತಿಯಾಗಿ ಹೆಪ್ಪುಗಟ್ಟದಂತೆ ತಡೆಯುವ ಪ್ರೋಟೀನುಗಳು) ಟೆಸ್ಟ್ ಈಗಲೇ ಮಾಡಿಸಲು ಅವಸರ ಬೇಡ. ಹೆರಿಗೆಯಾದ ಹೊಸತರಲ್ಲಿ ಪ್ರೋಟೀನ್ ಎಸ್ ಹೇಗೂ ಕಡಿಮೆ ಇರುತ್ತದೆ. ಹೆಪ್ಪುಗಟ್ಟದಿರಲಿ ಅಂತ ಕೊಡುವ ವಾರ್ಫರಿನ್ ಮಾತ್ರೆ ಇದ್ದರೆ ಎರಡೂ ಕಡಿಮೆ ತೋರಿಸುತ್ತವೆ. ಯಾವಾಗ ಅಂತ ಡಾಕ್ಟರೇ ಹೇಳಲಿ.

ಉತ್ತರ 3: ನನಗೆ ಹೆರಿಗೆಯಲ್ಲ, ಈಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವಾಗ ಆಗಿತ್ತು. ತಂಗಿ ಮುಂದೆ ಅಂಥ ಮಾತ್ರೆಗಾಗಲಿ, ಹಬ್ಬಕ್ಕೆ ಮುಟ್ಟು ಮುಂದೂಡುವ ಮಾತ್ರೆಗಾಗಲಿ ಮೆಡಿಕಲ್ ಶಾಪಿಗೆ ನೇರ ಹೋಗುವುದು ಬೇಡ. ಡಾಕ್ಟರಿಗೆ ಈ ಹೆಪ್ಪಿನ ವಿಷಯ ಹೇಳಿ ಕೇಳಲಿ. ಸದ್ಯಕ್ಕೆ ಇಷ್ಟು ಗಮನದಲ್ಲಿರಲಿ: ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಎದೆ ನೋವು ಬಂದರೆ, ತಡೆಯಲಾಗದ ತಲೆನೋವು ಅಥವಾ ಫಿಟ್ಸ್ ಬಂದರೆ, ರಾತ್ರಿಯಾದರೂ ಸರಿ, ಬೆಳಗಾಗಲಿ ಅಂತ ಕಾಯಬೇಡಿ. 108ಕ್ಕೆ ಫೋನ್ ಮಾಡಿ.