ಸ್ಪೈಕ್ ಬಸ್ಟರ್ ಹಾಕಿದ್ರೂ ರೂಟರ್ ಸುಟ್ಟೋಯ್ತು, ಈಗ ಕಂಪ್ಯೂಟರ್ ಉಳಿಸ್ಕೊಳ್ಳೋದು ಹೇಗೆ?

ಪ್ರಶ್ನೆ:
ಎಲ್ರಿಗೂ ನಮಸ್ಕಾರ. ಮೊನ್ನೆ ಗುಡುಗು ಸಿಡಿಲು ಜೋರಾಗಿದ್ದಾಗ ರೂಟರ್ ಸುಟ್ಟೋಯ್ತು, ಕಂಪ್ಯೂಟರ್‌ನಲ್ಲಿ ನೆಟ್ ಕೇಬಲ್ ಸಿಗಿಸೋ ಪೋರ್ಟೂ ಸತ್ತೋಗಿದೆ, ಮಿಕ್ಕಿದ್ದೆಲ್ಲ ಚೆನ್ನಾಗೇ ಇದೆ. ಎರಡನ್ನೂ ಸ್ಪೈಕ್ ಬಸ್ಟರ್‌ಗೇ ಹಾಕಿದ್ದೆ, ಅದರ ಸ್ವಿಚ್ಚಲ್ಲಿ ಕೆಂಪು ಲೈಟ್ ಈಗ್ಲೂ ಉರೀತಿದೆ. ಅದು ಕೆಲ್ಸ ಮಾಡ್ಲಿಲ್ವಾ? ಕೆಲ್ಸದ ಫೈಲೆಲ್ಲ ಇದ್ರಲ್ಲೇ ಇರೋದು, ಭಯ ಆಗ್ತಿದೆ.

ಉತ್ತರ 1:
ಸರ್, ಪೋರ್ಟ್ ಮಾತ್ರ ಹೋಗಿದೆ ಅಂದ್ರೆ ಸರ್ಜ್, ಅಂದ್ರೆ ಏಕಾಏಕಿ ನುಗ್ಗೋ ಹೆಚ್ಚು ವೋಲ್ಟೇಜು, ಬಹುಶಃ ನೆಟ್ ಕೇಬಲ್ಲಿಂದ ಬಂದಿದೆ, ಪವರ್ ಲೈನಿಂದ ಅಲ್ಲ. ಸಿಡಿಲು ಮನೆ ಮೇಲೇ ಬೀಳ್ಬೇಕಂತಿಲ್ಲ, ಹತ್ರ ಎಲ್ಲೋ ಬಿದ್ರೂ ಹೊರಗಡೆ ಎಳೆದಿರೋ ಉದ್ದದ ತಾಮ್ರದ ವೈರಲ್ಲಿ ವೋಲ್ಟೇಜ್ ಹುಟ್ಕೊಳ್ಳತ್ತೆ, ಸ್ಪೈಕ್ ಬಸ್ಟರ್ ಆ ದಾರೀಲಿ ಇರೋದೇ ಇಲ್ವಲ್ಲ. ಸದ್ಯಕ್ಕೆ ಯುಎಸ್‌ಬಿ ನೆಟ್‌ವರ್ಕ್ ಅಡಾಪ್ಟರ್ ಹಾಕ್ಕೊಂಡ್ರೆ ಕೆಲ್ಸ ನಡಿಯತ್ತೆ, ಆದ್ರೆ ಅದಕ್ಕೂ ಮೊದ್ಲು ಫೈಲೆಲ್ಲ ಬೇರೆ ಡ್ರೈವ್‌ಗೆ ಕಾಪಿ ಮಾಡಿ, ಆಮೇಲೆ ಆ ಡ್ರೈವ್ ಬಿಚ್ಚಿಡಿ, ಸಿಗಿಸಿಯೇ ಇಟ್ರೆ ಎರಡೂ ಒಟ್ಟಿಗೆ ಹೋಗ್ಬಹುದು.

ಕೆಂಪು ಲೈಟ್ ನಂಬ್ಬೇಡಿ, ಅದು ಬರೀ ಕರೆಂಟ್ ಇದೆ ಅಂತ ಹೇಳತ್ತೆ ಅಷ್ಟೆ. ಒಳಗೆ ಎಂಒವಿ ಅನ್ನೋ ಬಿಲ್ಲೆ ಥರದ ಪಾರ್ಟ್ ಇರತ್ತೆ, ವೋಲ್ಟೇಜ್ ಏಕಾಏಕಿ ಏರಿದಾಗ ಅದು ಹೆಚ್ಚುವರಿ ಕರೆಂಟನ್ನ ತನ್ನ ಮೂಲಕ ಹರಿಸಿಬಿಡತ್ತೆ, ಆದ್ರೆ ಒಂದೊಂದು ಹೊಡೆತಕ್ಕೂ ಸವೀತಾ ಹೋಗತ್ತೆ. ಅದು ಸತ್ತ ಮೇಲೂ ಸಾಕೆಟ್ಟಲ್ಲಿ ಕರೆಂಟ್ ಬರ್ತಾನೇ ಇರಬಹುದು. ಹೊಸದು ತಗೊಳ್ಳೋವಾಗ ಜೌಲ್ (ಎಷ್ಟು ಹೊಡೆತ ತಡ್ಕೊಳ್ಳತ್ತೆ ಅನ್ನೋ ಲೆಕ್ಕ) ಎಷ್ಟು, ಕ್ಲ್ಯಾಂಪಿಂಗ್ ವೋಲ್ಟೇಜ್ (ಎಷ್ಟು ವೋಲ್ಟಿಗೆ ತಡಿಯತ್ತೆ ಅನ್ನೋದು) ಎಷ್ಟು ಅಂತ ನೋಡಿ, ಜೌಲ್ ಜಾಸ್ತಿ ಇರ್ಬೇಕು, ಕ್ಲ್ಯಾಂಪಿಂಗ್ ಕಮ್ಮಿ ಇರ್ಬೇಕು. ಎರಡೂ ಬರ್ದಿಲ್ಲ ಅಂದ್ರೆ ನಾನಂತೂ ಅದನ್ನ ಎಕ್ಸ್‌ಟೆನ್ಷನ್ ಬೋರ್ಡ್ ಅಂತ್ಲೇ ಲೆಕ್ಕಕ್ಕೆ ತಗೊಳ್ಳೋದು.

ಉತ್ತರ 2:
ಮೇಲಿನವರು ಹೇಳಿದ್ದು ಸರಿ, ಆದ್ರೆ ಅರ್ತ್ ಚೆಕ್ ಮಾಡಿಸ್ದೆ ಏನೂ ತಗೋಬೇಡಿ. ಸಾಕೆಟ್ಟಲ್ಲಿ ಮೂರು ತೂತು ಇದ್ದ ಮಾತ್ರಕ್ಕೆ ಹಿಂದೆ ಅರ್ತ್ ವೈರ್ ಇದೆ ಅಂತಲ್ಲ. ಆಮೇಲೆ ಮೇನ್ ಡಿಬಿ ಬಾಕ್ಸಲ್ಲೇ (ಮನೆಯ ಎಂಸಿಬಿ ಸ್ವಿಚ್‌ಗಳಿರೋ ಡಬ್ಬಿ) ಟೈಪ್ 2 ಎಸ್‌ಪಿಡಿ, ಅಂದ್ರೆ ಇಡೀ ಮನೆಗೆ ಸರ್ಜ್ ತಡಿಯೋ ಸಾಧನ, ಹಾಕ್ಸಿ, ಮನೆಗೆ ಮಿಂಚುಕಂಬಿ ಇದ್ರೆ ಟೈಪ್ 1 ಕೂಡ ಬೇಕು. ಎಸ್‌ಪಿಡಿಗೆ ಹೋಗೋ ವೈರು ಗಿಡ್ಡ ಇರ್ಲಿ, ಒಟ್ಟು ಅರ್ಧ ಮೀಟರ್ ದಾಟ್ಬಾರ್ದು, ಉದ್ದ ಆದಷ್ಟೂ ಅದರ ರಕ್ಷಣೆ ಕಮ್ಮಿ ಆಗತ್ತೆ. ಇದನ್ನ ಎಲೆಕ್ಟ್ರಿಷಿಯನ್ ಕೈಲೇ ಮಾಡಿಸ್ಬೇಕು. ದೊಡ್ಡ ಹೊಡೆತ ಅಲ್ಲೇ ತಡೆದ್ರೆ ಕಂಪ್ಯೂಟರ್ ಹತ್ರ ಇರೋ ಚಿಕ್ಕ ಪ್ರೊಟೆಕ್ಟರ್‌ಗೆ ಮಿಕ್ಕಿದ್ದನ್ನ ತಡಿಯೋಕಾಗತ್ತೆ.

ಪ್ರಶ್ನೆ ಕೇಳಿದವರು:
ಇಬ್ರಿಗೂ ತುಂಬಾ ಥ್ಯಾಂಕ್ಸ್. ಇನ್ನೊಂದು ವಿಷ್ಯ, ಕೆಲವು ಸಲ ಲೈಟ್ ಒಮ್ಮೆಲೇ ತುಂಬಾ ಪ್ರಕಾಶ ಆಗಿ ಫ್ಯಾನೂ ಜೋರಾಗಿ ತಿರುಗತ್ತೆ, ಸ್ವಲ್ಪ ಹೊತ್ತಾದ್ಮೇಲೆ ಸರಿ ಹೋಗತ್ತೆ. ಇದೂ ಸರ್ಜೇನಾ? ಯುಪಿಎಸ್ ಹಾಕಿದ್ರೆ ಸಾಕಾ?

ಉತ್ತರ 3:
ಇದು ಸರ್ಜ್ ಅಲ್ಲ, ನಿಮ್ ಮನೆ ಲೈನಲ್ಲಿ ಅಥವಾ ಹೊರಗೆ ನ್ಯೂಟ್ರಲ್ (ಕರೆಂಟ್ ವಾಪಸ್ ಹೋಗೋ ವೈರು) ಲೂಸ್ ಆಗಿರೋ ಲಕ್ಷಣ, ಇದು ಸಿಡಿಲಿಗಿಂತ ತುರ್ತು. ಸರ್ಜ್ ಮೈಕ್ರೋಸೆಕೆಂಡುಗಳಲ್ಲಿ ಮುಗ್ದೋಗತ್ತೆ, ಇದು ಸೆಕೆಂಡು ನಿಮಿಷಗಟ್ಟಲೆ ನಿಲ್ಲತ್ತೆ. ಮೂರು ಫೇಸ್ ಸಪ್ಲೈನಲ್ಲಿ ನ್ಯೂಟ್ರಲ್ ಕಿತ್ತೋದ್ರೆ 230 ವೋಲ್ಟ್ ಬರ್ಬೇಕಾದ ಕಡೆ 400ರ ಹತ್ತಿರದವರೆಗೂ ಏರ್ಬಹುದು. ಅಷ್ಟು ಹೊತ್ತು ತಡ್ಕೊಳ್ಳೋಕೆ ಎಂಒವಿ ಮಾಡಿಲ್ಲ, ಕಾದು ಹೊಗೆ ಬರತ್ತೆ, ಬೆಂಕೀನೂ ಹತ್ಕೊಳ್ಳಬಹುದು. ಇದಕ್ಕೆ ಬೇಕಾಗಿರೋದು ವೋಲ್ಟೇಜ್ ಮಿತಿ ಮೀರಿದ್ರೆ ಲೈನನ್ನೇ ಕಟ್ ಮಾಡೋ ಓವರ್-ಅಂಡರ್ ವೋಲ್ಟೇಜ್ ಪ್ರೊಟೆಕ್ಟರ್.

ಯುಪಿಎಸ್ ಒಳ್ಳೇದೇ, ಆದ್ರೆ ಸಾಮಾನ್ಯ ಆಫ್‌ಲೈನ್ ಯುಪಿಎಸ್ ಕರೆಂಟ್ ಇರೋವಾಗ ಮೇನ್ಸನ್ನೇ ನೇರ ಕಂಪ್ಯೂಟರ್‌ಗೆ ಕೊಡತ್ತೆ. ಸ್ಟೆಬಿಲೈಜರ್ ರಿಲೇ ಅಂತೂ ಸ್ಪೈಕ್ ಹಿಡಿಯೋಷ್ಟು ಬೇಗ ಕೆಲ್ಸ ಮಾಡಲ್ಲ.

ಮೋಡ ಕಟ್ಟಿದಾಗ್ಲೇ ಪ್ಲಗ್ಗು, ನೆಟ್ ಕೇಬಲ್ಲು ಎರಡೂ ಕಿತ್ತಿಡಿ, ಬರೀ ಸ್ವಿಚ್ ಆಫ್ ಮಾಡಿದ್ರೆ ಸಾಲಲ್ಲ. ಗುಡುಗು ಶುರುವಾದ್ಮೇಲೆ ಮಾತ್ರ ಪ್ಲಗ್ ಮುಟ್ಬೇಡಿ. ಈಗ ವಿದ್ಯುತ್ ಇಲಾಖೆಗೆ ಫೋನ್ ಮಾಡಿ ನ್ಯೂಟ್ರಲ್ ಚೆಕ್ ಮಾಡೋಕೆ ಹೇಳಿ, ಲೈಟ್ ಮತ್ತೆ ಹಾಗೇ ಪ್ರಕಾಶ ಆದ್ರೆ ತಕ್ಷಣ ಮೇನ್ ಆಫ್ ಮಾಡಿ, ಅವ್ರು ಸರಿ ಮಾಡೋ ತನಕ ಕಂಪ್ಯೂಟರ್ ಆನ್ ಮಾಡ್ಲೇಬೇಡಿ.